ಕ್ಯಾಬಿನೆಟ್ಟಿನ ಎರಡನೆಯ ಬಾಗಿಲು

ಮೇ ತಿಂಗಳ ಎರಡನೆಯ ಶನಿವಾರ, ಬೆಳಗ್ಗೆ ಎಂಟೂವರೆ. ಸ್ಥಳ, ಕಾಪುವಿನ ನಮ್ಮ ಮನೆಯ ಚಾವಡಿ. ಹಾಜರಿದ್ದವರು ನಾನು, ನನ್ನ ಮಗಳು, ಮತ್ತು ಹಿಂದಿನ ದಿನ ಶಾರ್ಜಾದಿಂದ ಬಂದಿಳಿದ ನನ್ನ ತಮ್ಮ. ಮಾಡಬೇಕಾದ ಕೆಲಸ, ಬಿಡಿ ಭಾಗಗಳನ್ನು ಸೇರಿಸಿ ಒಂದು ಕಂಪ್ಯೂಟರ್ ಕಟ್ಟುವುದು. ಮುಗಿಯಬೇಕಾದ ಹೊತ್ತು, ಸಂಜೆ ಐದು.

ಹೀಗೆ ಶುರುಮಾಡುವುದು ನನಗೆ ರೂಢಿ. ನಾನು ಮಣಿಪಾಲದಲ್ಲಿ ಆಪರೇಷನ್ ಥಿಯೇಟರಿನ ಸಿಸ್ಟರ್ ಆಗಿದ್ದು ನಿವೃತ್ತಳಾದವಳು. ಅಲ್ಲಿ ಯಾರು ಇದ್ದಾರೆ, ಎಷ್ಟು ಹೊತ್ತಿಗೆ ಶುರು ಎಂಬುದನ್ನು ಬರೆಯದೆ ಒಂದು ಕತ್ತರಿಯೂ ಕೈಯಿಂದ ಕೈಗೆ ಹೋಗುತ್ತಿರಲಿಲ್ಲ. ಕೆಲಸ ಬಿಟ್ಟು ವರ್ಷಗಳಾದರೂ ನನ್ನ ದಿನ ಅದೇ ಕ್ರಮದಲ್ಲಿ ನಡೆಯುತ್ತದೆ. ಹಾಲು ಕಾಯಿಸುವುದಕ್ಕೂ ಒಗೆಯುವುದಕ್ಕೂ ಅದರದರ ಹೊತ್ತು ಉಂಟು, ಪ್ರತಿ ವಸ್ತುವಿಗೂ ಅದರದರ ಜಾಗ ಉಂಟು.

ಐದು ಗಂಟೆ ಯಾಕೆಂದರೆ, ಮಗಳ ಕೆಲಸ ಉಳಿಯುವುದೂ ಹೋಗುವುದೂ ಆ ಹೊತ್ತಿನ ಮೇಲೆ ನಿಂತಿತ್ತು. ಅವಳು ಮಣಿಪಾಲದ ಒಂದು ಆರ್ಕಿಟೆಕ್ಟ್ ಕಚೇರಿಯಲ್ಲಿ, ಇನ್ನೂ ಕಟ್ಟದ ಮನೆಗಳನ್ನು ಕಟ್ಟಿ ಮುಗಿಸಿದ ಹಾಗೆ ಕಂಪ್ಯೂಟರಿನಲ್ಲಿ ಚಿತ್ರಿಸುವವಳು. ಆಗ ಅವಳಿಗೆ ಆರನೆಯ ತಿಂಗಳು. ದಿನಾ ಬಸ್ಸು ಹತ್ತಿ ಇಳಿಯುವುದು ಬೇಡ ಎಂದು ಡಾಕ್ಟರು ಖಡಾಖಂಡಿತ ಹೇಳಿದ್ದರು. ಅಳಿಯ ಮಲ್ಪೆಯ ಬೋಟಿನಲ್ಲಿ ಆಳಸಮುದ್ರಕ್ಕೆ ಹೋಗುವವನಾದ್ದರಿಂದ ಅವಳು ನನ್ನ ಜೊತೆಗೇ ಇದ್ದಳು. ಮನೆಯಿಂದಲೇ ಕೆಲಸ ಮಾಡುತ್ತೇನೆ ಎಂದು ಕೇಳಿದಾಗ ಕಚೇರಿಯವರು ಇಲ್ಲ ಎನ್ನಲಿಲ್ಲ. ಸಂತೆಕಟ್ಟೆಯಲ್ಲಿ ಮನೆ ಕಟ್ಟಿಸುವವರೊಬ್ಬರು ಶನಿವಾರ ಸಂಜೆ ಚಿತ್ರ ನೋಡಲು ಬರುತ್ತಾರೆ, ಅಷ್ಟರೊಳಗೆ ಕಾಪುವಿನಿಂದ ಚಿತ್ರ ಬಂದರೆ ಮುಂದೆಯೂ ಹಾಗೇ ನಡೆಯಲಿ, ಬಾರದಿದ್ದರೆ ಸೋಮವಾರ ಆ ಕುರ್ಚಿಯಲ್ಲಿ ಬೇರೆಯವರು ಕೂರುತ್ತಾರೆ ಎಂದರು. ಮಗಳ ಹಳೆಯ ಲ್ಯಾಪ್‌ಟಾಪ್ ಅಂಥ ಚಿತ್ರಕ್ಕೆ ಕೈಹಾಕಿದರೆ ಕಾವಲಿಯ ಹಾಗೆ ಕಾದು ಅರ್ಧದಲ್ಲೇ ಆರಿಹೋಗುತ್ತಿತ್ತು. ಹಾಗಾಗಿ ಹೊಸ ಕಂಪ್ಯೂಟರ್.

ಮದರ್‌ಬೋರ್ಡು, ಪ್ರೊಸೆಸರು, ಕರೆಂಟಿನ ಡಬ್ಬಿ ಎಲ್ಲವನ್ನೂ ಅವಳೇ ನೋಡಿ ಉಡುಪಿಯ ಅಂಗಡಿಯಿಂದ ತರಿಸಿದಳು. ಚಿತ್ರಕ್ಕೆ ಮುಖ್ಯವಾದ ಗ್ರಾಫಿಕ್ಸ್ ಕಾರ್ಡನ್ನು ನನ್ನ ತಮ್ಮ ಶಾರ್ಜಾದಿಂದ ತರುವುದೆಂದಾಯಿತು. ಬರುವವನು ಹೇಗೂ ಬರುತ್ತಾನೆ, ಇವನ್ನೆಲ್ಲ ಕೂಡಿಸಿಡುವ ಕ್ಯಾಬಿನೆಟ್ಟನ್ನೂ ಅವನೇ ತರಲಿ ಎಂದೆವು. ಅದರ ಅಳತೆ ನಿರ್ಧರಿಸುವ ಕೆಲಸವನ್ನು ಮಾತ್ರ ನಾನು ತೆಗೆದುಕೊಂಡೆ. ಚಾವಡಿಯ ಕಿಟಕಿಯ ಕೆಳಗೆ ಕಲ್ಲಿನ ಚಪ್ಪಡಿ ಉಂಟು, ಅದರ ಅಡಿಯಲ್ಲಿ ಮೊದಲು ಹೊಲಿಗೆ ಯಂತ್ರ ಇತ್ತು. ಟೇಪು ಹಿಡಿದು ಅಳೆದೆ. ಸುತ್ತಲೂ ಗುಡಿಸಲು ಬೆರಳಷ್ಟು ಜಾಗ ಬಿಟ್ಟು, ಹದಿನಾಲ್ಕು ಇಂಚು ಎತ್ತರ ದಾಟಬಾರದು ಎಂದು ತಮ್ಮನಿಗೆ ಫೋನಿನಲ್ಲಿ ಹೇಳಿದೆ. ಸ್ವಲ್ಪ ದೊಡ್ಡದೇ ಇರಲಿ, ಒಳಗೆ ಗಾಳಿ ಆಡಬೇಕು ಎಂದು ಮಗಳು ಹೇಳಿದ್ದಳು. ಸಣ್ಣ ಆಪರೇಷನ್ನಿಗೆ ಸಣ್ಣ ಟ್ರೇ ಎಂಬುದು ನಮ್ಮ ಕ್ರಮ ಎಂದು ನಾನು ಅವಳ ಮಾತನ್ನು ಮುಗಿಸಿಬಿಟ್ಟಿದ್ದೆ.

ಈಗ ಚಾವಡಿಯ ನಡುವೆ ಒಂದು ರಟ್ಟಿನ ಪೆಟ್ಟಿಗೆ ನಿಂತಿತ್ತು. ಗಲ್ಫಿನಿಂದ ಬರುವವರ ಪೆಟ್ಟಿಗೆಗಳ ಹಾಗೆ ನೈಲಾನ್ ಹಗ್ಗ ಬಿಗಿದು, ನಾಲ್ಕೂ ಬದಿಗೆ ಹೆಸರು, ಊರು ಬರೆದದ್ದು. ನನ್ನ ಸೊಂಟದ ಎತ್ತರ. ಹಿಂದಿನ ದಿನ ಅದನ್ನು ನೋಡಿದಾಗ ಅವನ ಹೆಂಡತಿಯ ಮನೆಗೆಂದು ಸಣ್ಣ ಫ್ರಿಜ್ಜು ತಂದಿದ್ದಾನೆ ಎಂದುಕೊಂಡು ಸುಮ್ಮನಿದ್ದೆ. ಅವನ ಹೆಂಡತಿ ಕಾರ್ಕಳದಲ್ಲಿ ಟೀಚರು, ಅಲ್ಲಿ ತವರುಮನೆಯಲ್ಲೇ ಇರುವವಳು. ಆ ಸಂಜೆ ಅವನು ಅಲ್ಲಿಗೆ ಹೋಗುವವನಿದ್ದ.

ಹಗ್ಗ ಬಿಚ್ಚಿ ರಟ್ಟನ್ನು ಮೇಲಕ್ಕೆತ್ತಿದ. ಒಳಗಿಂದ ಕಪ್ಪು ಕಬ್ಬಿಣದ ಗೋದ್ರೆಜ್ ಕಪಾಟಿನ ಮರಿಯಂಥದ್ದೊಂದು ಹೊರಗೆ ಬಂತು.

“ನಾನು ಹೇಳಿದ್ದು ಎಷ್ಟು?”

“ಹದಿನಾಲ್ಕು.”

“ಇದು ಎಷ್ಟು ಉಂಟು?”

“ಅಳೆಯಲಿಲ್ಲ ಅಕ್ಕ. ತುಂಬಿಸಿದೆ.”

ತುಂಬಿಸಿದೆ ಎಂದರೆ ಏನು ಎಂದು ಕೇಳಿದಾಗ ಅವನು ಬಹಳ ಸಮಾಧಾನದಿಂದ ವಿವರಿಸಿದ. ವಿಮಾನದಲ್ಲಿ ಅವನಿಗೆ ಬಿಡುವುದು ಎರಡೇ ಪೆಟ್ಟಿಗೆ. ಕ್ಯಾಬಿನೆಟ್ಟು ಸಣ್ಣದಿರಲಿ, ದೊಡ್ಡದಿರಲಿ, ಒಂದು ಪೆಟ್ಟಿಗೆ ಎಂದೇ ಲೆಕ್ಕ. ಹಾಗಿರುವಾಗ ಸಣ್ಣದು ತಂದರೆ ಒಂದು ಪೆಟ್ಟಿಗೆಯ ಜಾಗ ದಂಡ. ಅವನು ಅಲ್ಲಿ ಗೋದಾಮಿನಲ್ಲಿ ಸಾಮಾನು ಕಟ್ಟುವ ಕೆಲಸದವನು. ಕ್ಯಾಬಿನೆಟ್ಟಿನ ಅಂಗಡಿಗೆ ಹೋಗಿ ಒಂದೊಂದರ ಬಾಗಿಲು ತೆಗೆದು, ಯಾವುದರಲ್ಲಿ ಹೆಚ್ಚು ಸಾಮಾನು ಹಿಡಿಯುತ್ತದೆ ಎಂದು ನೋಡಿ ಆರಿಸಿದ್ದನಂತೆ. “ಊರಿಗೆ ಖಾಲಿ ಡಬ್ಬ ಹೊತ್ತುಕೊಂಡು ಬರಲಿಕ್ಕೆ ನನಗೆ ಮರ್ಯಾದೆ ಇಲ್ವಾ?” ಎಂದ.

ಮಗಳು ನಗು ತಡೆಯಲಾರದೆ ಕುರ್ಚಿಯಲ್ಲಿ ಕೂತಳು. ನಾನು ನಗಲಿಲ್ಲ. ಪಕ್ಕದ ಗಾಜಿನ ಬಾಗಿಲಿಗೆ ಒಳಗಿಂದ ದಪ್ಪ ಬೆಡ್‌ಶೀಟು ಅಂಟಿಕೊಂಡಿತ್ತು. ಬಾಗಿಲು ತೆಗೆದದ್ದೇ ತಲೆನೋವಿನ ಮುಲಾಮಿನ ವಾಸನೆ ಚಾವಡಿ ತುಂಬಿತು. ಹಾಲಿನ ಪುಡಿ, ಪಿಸ್ತಾ, ಖರ್ಜೂರ, ಟಾರ್ಚು, ಉಗುರು ಕತ್ತರಿಸುವ ಕತ್ತರಿ. ಡಿಸ್ಕು ಕೂರಿಸುವ ಸಣ್ಣ ಸಣ್ಣ ಗೂಡುಗಳಲ್ಲಿ ಅಳತೆ ತೆಗೆದು ಮಾಡಿಸಿದ ಹಾಗೆ ಸಾಬೂನುಗಳು ಕೂತಿದ್ದವು. ಗ್ರಾಫಿಕ್ಸ್ ಕಾರ್ಡಿನ ಡಬ್ಬಿಯನ್ನು ಅವನು ಎರಡು ತಲೆದಿಂಬುಗಳ ನಡುವೆ ಮಲಗಿಸಿದ್ದ. ಪಿಸ್ತಾದ ಒಂದು ಪೊಟ್ಟಣ ಒಡೆದು, ಅದರ ಸಿಪ್ಪೆಯೂ ಉಪ್ಪಿನ ಹುಡಿಯೂ ಫ್ಯಾನಿನ ಸಂದುಗಳಲ್ಲಿ ಸೇರಿಕೊಂಡಿದ್ದವು.

ಒಳಗೆ ಹಾಕಿದ್ದು ಒಟ್ಟು ಎಷ್ಟು ವಸ್ತು ಎಂದು ಕೇಳಿದೆ.

“ಲೆಕ್ಕ ಎಂತಕ್ಕೆ ಅಕ್ಕ? ಹಾಕಿದ್ದು ಹೊರಗೆ ಬರ್ತದೆ, ಅಲ್ವಾ?”

ಪೆಟ್ಟಿಗೆಯ ಗಾತ್ರಕ್ಕಿಂತ ಈ ಮಾತಿಗೆ ನಾನು ಹೆಚ್ಚು ದಂಗಾದೆ. ಥಿಯೇಟರಿನಲ್ಲಿ ಹೊಟ್ಟೆ ತೆರೆಯುವ ಮೊದಲು ಎಣಿಸುತ್ತಿದ್ದೆವು, ಹೊಲಿಯುವ ಮೊದಲು ಮತ್ತೆ ಎಣಿಸುತ್ತಿದ್ದೆವು. ಒಂದು ಬಟ್ಟೆಯ ತುಂಡು ಕಡಿಮೆ ಬಿದ್ದರೂ ಎಷ್ಟೇ ದೊಡ್ಡ ಸರ್ಜನ್ ಆದರೂ ಸೂಜಿ ಹಿಡಿದು ನಿಲ್ಲಬೇಕು. ಒಮ್ಮೆ ಹಾಗೆ ಎಲ್ಲರೂ ನಿಂತದ್ದು, ಕೊನೆಗೆ ಆ ತುಂಡು ಬಕೆಟ್ಟಿನ ಹಿಂದೆ ಸಿಕ್ಕಿದ್ದು ನನಗೆ ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಹಾಕುವಾಗ ಎಣಿಸದ ಹೊಟ್ಟೆಯನ್ನು ಖಾಲಿಯಾಯಿತು ಎಂದು ಹೇಳುವುದಾದರೂ ಹೇಗೆ?

ಬೆಡ್‌ಶೀಟನ್ನು ನೆಲಕ್ಕೆ ಹಾಸಿ ಎಲ್ಲವನ್ನೂ ಸಾಲಾಗಿ ಇಟ್ಟೆ. ಹಲ್ಲುಜ್ಜುವ ಹೊಸ ಬ್ರಷ್ಷು ತಂದು ಮೂಲೆಮೂಲೆಯ ಉಪ್ಪನ್ನು ಕೆರೆದೆ. ಸಮುದ್ರದ ಗಾಳಿಯೇ ಸಾಕಷ್ಟು ಉಪ್ಪು ತರುವ ಮನೆಗೆ ಇವನು ಶಾರ್ಜಾದಿಂದ ಬೇರೆ ತಂದಿದ್ದ.

ಅಷ್ಟರಲ್ಲಿ ಮಗಳು ಕಾರ್ಡನ್ನು ಡಬ್ಬಿಯಿಂದ ತೆಗೆದು ಮೇಜಿನ ಮೇಲಿಟ್ಟು, ನನ್ನದೇ ಟೇಪನ್ನು ಅದರ ಉದ್ದಕ್ಕೆ ಹಿಡಿದಳು. ಆ ಕಾರ್ಡು ನನ್ನ ಮೊಣಕೈಯಿಂದ ಅಂಗೈಯವರೆಗೆ ಬರುವಷ್ಟು ಇತ್ತು, ಇಟ್ಟಿಗೆಯಷ್ಟು ದಪ್ಪ. ನಾನು ಮನಸ್ಸಿನಲ್ಲಿಟ್ಟುಕೊಂಡಿದ್ದದ್ದು ಪೋಸ್ಟ್ ಕಾರ್ಡಿನಂಥ ಯಾವುದೋ ತೆಳ್ಳಗಿನ ವಸ್ತು. ಹದಿನಾಲ್ಕು ಇಂಚಿನ ಕ್ಯಾಬಿನೆಟ್ಟಿನಲ್ಲಿ ಇದು ಕೂತರೆ ಡಿಸ್ಕಿಗೂ ಗಾಳಿಗೂ ಜಾಗವಿಲ್ಲ.

“ಅಮ್ಮ, ನೀನು ಇಡುವ ಜಾಗ ಅಳೆದೆ,” ಎಂದಳು ಮಗಳು. “ಒಳಗೆ ಹೋಗುವುದನ್ನು ಯಾರೂ ಅಳೆಯಲಿಲ್ಲ. ಮಾವ ಅಳೆದದ್ದು ಸಾಬೂನಿಗೆ.”

ತಮ್ಮ ಗೆದ್ದವನ ಹಾಗೆ ನನ್ನನ್ನು ನೋಡಿದ. ನೀನು ಹೆಚ್ಚು ಹಿಗ್ಗಬೇಡ ಮಾರಾಯ ಎಂದೆ. ಬೇಕಾದದ್ದು ಇವೆರಡರ ನಡುವಿನ ಗಾತ್ರ ಎಂದು ಮಗಳು ಹೇಳಿದಳು. ಆದರೆ ಉಡುಪಿಗೆ ಹೋಗಿ, ಹುಡುಕಿ, ತರುವಷ್ಟರಲ್ಲಿ ಅರ್ಧ ದಿನ ಮುಗಿಯುತ್ತದೆ. ಕ್ಯಾಬಿನೆಟ್ಟೇ ಇಲ್ಲದೆ, ರಟ್ಟಿನ ಮೇಲೆ ಎಲ್ಲವನ್ನೂ ಹರಡಿ ನಡೆಸುವುದೂ ಉಂಟಂತೆ. ಅದಕ್ಕೆ ನಾನು ಒಪ್ಪಲಿಲ್ಲ. ನಮ್ಮ ಮನೆಯ ಹಲ್ಲಿಗಳಿಗೆ ಸಮಯಪಾಲನೆ ಇಲ್ಲ, ಯಾವಾಗ ಎಲ್ಲಿ ಬೀಳುತ್ತವೆ ಎಂದು ಹೇಳಲಾಗದು. ಹಾಗಾಗಿ ಆ ಕಪಾಟೇ ಗತಿಯಾಯಿತು.

ಕ್ಯಾಬಿನೆಟ್ಟನ್ನು ಊಟದ ಮೇಜಿನ ಮೇಲೆ ಮಲಗಿಸಿದೆವು. ಮಗಳು ಕುರ್ಚಿಯಲ್ಲಿ ಕೂತು ಕೈ ಚಾಚಿದಳು. ಅವಳು ಕೇಳುವ ಮೊದಲೇ ನಾನು ಸ್ಕ್ರೂಡ್ರೈವರಿನ ಹಿಡಿಯನ್ನು ಅವಳ ಅಂಗೈಗೆ ಇಟ್ಟೆ. ಅವಳು ಒಮ್ಮೆ ನನ್ನ ಮುಖ ನೋಡಿದಳು. ಆಮೇಲೆ ನೋಡಲಿಲ್ಲ, ಕೈ ಚಾಚುತ್ತಾ ಹೋದಳು, ಬೇಕಾದದ್ದು ಕೈಗೆ ಬೀಳುತ್ತಾ ಹೋಯಿತು. ಸ್ಕ್ರೂಗಳು ನನ್ನ ಸ್ಟೀಲಿನ ಬಟ್ಟಲಿನಲ್ಲಿದ್ದವು, ಎಣಿಸಿಯೇ ಹಾಕಿದ್ದೆ. ತಮ್ಮನದು ಟಾರ್ಚು ಹಿಡಿಯುವ ಕೆಲಸ. ಅವಳು ಮನೆ ಚಿತ್ರಿಸುವವಳು ಎಂದಷ್ಟೇ ಗೊತ್ತಿದ್ದ ನನಗೆ, ಅವಳ ಕೈ ಇಷ್ಟು ನಿಖರ ಎಂಬುದು ಆ ದಿನವೇ ತಿಳಿದದ್ದು.

ಎಲ್ಲ ಕೂರಿಸಿದ ಮೇಲೆ ಒಳಗೆ ತಂತಿಗಳು ಜಡೆ ಬಿಚ್ಚಿದ ಹಾಗೆ ಹರಡಿದ್ದವು. ಕಣ್ಣಿಗೆ ಹಿತವಾಗಲಿಲ್ಲ. ಇದಕ್ಕೊಂದು ಕ್ರಮ ಇಲ್ಲವೇ ಎಂದು ಕೇಳಿದೆ. ಉಂಟು, ಹಿಂಬದಿಯಲ್ಲಿ ಇನ್ನೊಂದು ಬಾಗಿಲಿದೆ, ಬೋರ್ಡು ಕೂರುವ ತಗಡಿನ ಬೆನ್ನಿಗೆ ಇರುವ ಸಂದಿನಲ್ಲಿ ತಂತಿಗಳನ್ನು ಅಡಗಿಸುತ್ತಾರೆ ಎಂದಳು. ತೆಗೆಯುವ ಎಂದು ನಾನು ಕೈ ಹಾಕಿದೆ.

“ಬೇಡ ಅಕ್ಕ,” ಎಂದ ತಮ್ಮ. “ಅದು ತೆಗೆದರೆ ಮತ್ತೆ ಕೂರುವುದಿಲ್ಲ. ಹೊತ್ತು ಹೋಗ್ತದೆ.”

ಮಗಳೂ ಅಂದಕ್ಕೆ ಇವತ್ತು ಸಮಯವಿಲ್ಲ ಎಂದಳು. ಬಿಟ್ಟುಬಿಟ್ಟೆವು.

ಕ್ಯಾಬಿನೆಟ್ಟನ್ನು ಮೇಜಿನ ಮೇಲೆಯೇ ನೆಟ್ಟಗೆ ನಿಲ್ಲಿಸಿದೆವು. ಮೊದಲ ಸಲ ಗುಂಡಿ ಒತ್ತಿದಾಗಲೇ ಫ್ಯಾನುಗಳು ತಿರುಗಿದವು, ಪರದೆ ಬೆಳಗಿತು. ಬೇಕಾದ ಸಾಫ್ಟ್‌ವೇರುಗಳನ್ನೆಲ್ಲ ಹಾಕುವಷ್ಟರಲ್ಲಿ ಮಧ್ಯಾಹ್ನವಾಯಿತು. ಹನ್ನೆರಡೂವರೆಯ ನನ್ನ ಊಟ ಅಂದು ಒಂದೂವರೆಗೆ ಸರಿಯಿತು, ಅದೂ ಚಾಪೆಯ ಮೇಲೆ, ಮೇಜು ಕಂಪ್ಯೂಟರಿಗೆ ಹೋಗಿತ್ತಲ್ಲ. ಊಟಕ್ಕೆ ಕೂರುವ ಮೊದಲು ಮಗಳು ಸಂತೆಕಟ್ಟೆಯ ಮನೆಯ ಚಿತ್ರವನ್ನು ಬಿಡಿಸಲು ಬಿಟ್ಟಿದ್ದಳು. ಪರದೆಯಲ್ಲಿ ಚೌಕಚೌಕವಾಗಿ ಒಂದು ಮನೆ ಮೂಡುತ್ತಿತ್ತು. ಮೊದಲು ಹೆಂಚು, ಆಮೇಲೆ ಸಿಟೌಟಿನ ಕಂಬ, ಕಂಬದ ನೆರಳು. ಅರ್ಧದಲ್ಲಿ ನಿಂತರೆ ಮತ್ತೆ ಮೊದಲಿನಿಂದ ಎಂದು ಅವಳು ಮೊದಲೇ ಎಚ್ಚರಿಸಿದ್ದಳು. ನಾಲ್ಕು ಗಂಟೆಗೆ ಮುಗಿಯುತ್ತದೆ, ಕಳಿಸಲು ಇನ್ನೂ ಹೊತ್ತು ಉಳಿಯುತ್ತದೆ ಎಂದು ಅವಳ ಲೆಕ್ಕ.

ಮೂರು ಗಂಟೆಯ ಹೊತ್ತಿಗೆ ನಾನು ಮೇಜಿನ ಹತ್ತಿರ ಕೂತು ಒಗೆದ ಬಟ್ಟೆ ಮಡಚುತ್ತಿದ್ದೆ. ಫ್ಯಾನಿನ ಗುಂಯ್‌ಗುಡುವಿಕೆಯ ಅಡಿಯಲ್ಲಿ ಇನ್ನೊಂದು ಸದ್ದು ಕೇಳಿತು. ಬಹಳ ಸಣ್ಣದು. ಜಲ್, ಎಂದು ಒಮ್ಮೆ. ಸ್ವಲ್ಪ ಬಿಟ್ಟು ಮತ್ತೊಮ್ಮೆ.

ಮಗಳಿಗೆ ಹೇಳಿದೆ. ಸ್ಕ್ರೂ ಬಿದ್ದಿರಬಹುದು ಎಂದಳು. ಬಟ್ಟಲು ನೋಡಿದೆ. ಹಾಕಿದ್ದು ಹಾಕಿದಲ್ಲೇ ಇತ್ತು, ಉಳಿದದ್ದು ಬಟ್ಟಲಲ್ಲೇ ಇತ್ತು, ಲೆಕ್ಕ ಸರಿ. ಸ್ಕ್ರೂ ಅಲ್ಲ ಎಂದೆ. ಒಳಗೆ ಏನೋ ಉಳಿದಿದೆ.

“ಅಮ್ಮ, ಅರ್ಧಕ್ಕಿಂತ ಹೆಚ್ಚು ಆಗಿದೆ,” ಎಂದಳು. ಅವಳ ದನಿಯಲ್ಲಿ ಬೇಡಿಕೆ ಇತ್ತು. “ಈಗ ನಿಲ್ಲಿಸಿದರೆ ಐದಕ್ಕೆ ಆಗುವುದೇ ಇಲ್ಲ.”

ಮುಂದೆ ಏನು ಮಾಡಬೇಕು ಎಂದು ತೋಚದೆ ನಾನು ನಿಂತದ್ದು ಬಹಳ ಅಪರೂಪ. ನಿಲ್ಲಿಸಿದರೆ ಅವಳ ಕೆಲಸ ಹೋಗುತ್ತದೆ. ನಿಲ್ಲಿಸದೆ ಒಳಗೆ ಏನಾದರೂ ಸುಟ್ಟರೆ ಕಂಪ್ಯೂಟರೂ ಹೋಗುತ್ತದೆ, ಕೆಲಸವೂ ಹೋಗುತ್ತದೆ. ತಮ್ಮನ ಕಡೆ ತಿರುಗಿದೆ. ಬೆಳಗ್ಗಿನಿಂದ ನಗುತ್ತಲೇ ಇದ್ದ ಅವನ ಮುಖದಲ್ಲಿ ರಕ್ತವೇ ಇರಲಿಲ್ಲ. ಮತ್ತೊಮ್ಮೆ ಜಲ್ ಎಂದಿತು. ಅವನು ಎದ್ದು, ಯಾರನ್ನೂ ಕೇಳದೆ, ಗೋಡೆಯ ಪ್ಲಗ್ಗನ್ನು ಎಳೆದುಬಿಟ್ಟ.

ಪರದೆ ಕಪ್ಪಾಯಿತು. ಮನೆ ಹೋಯಿತು, ಕಂಬ, ನೆರಳು ಎಲ್ಲ ಹೋಯಿತು. ಮಗಳು ಕೂತಲ್ಲೇ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು. ನಡೆಯುತ್ತಿರುವ ಆಪರೇಷನ್ನಿನ ದೀಪವನ್ನು ಯಾರೋ ಆರಿಸಿದ ಹಾಗಾಯಿತು ನನಗೆ.

“ಅಕ್ಕ, ಹಿಂದಿನ ಬಾಗಿಲು ತೆಗೆ,” ಎಂದ ತಮ್ಮ.

ತೆಗೆದೆ. ತಗಡಿನ ಬೆನ್ನಿಗೆ ಒಂದು ಕರ್ಚೀಫು ಅಂಟುಪಟ್ಟಿಯಲ್ಲಿ ತೂಗುತ್ತಿತ್ತು. ಯಂತ್ರ ಬಿಸಿಯಾಗಿ ಅಂಟು ಕರಗಿ, ಗಂಟು ಬಿಚ್ಚಿಕೊಂಡಿತ್ತು. ಅದರಿಂದ ಒಂದು ಬೆಳ್ಳಿಯ ನೇವಳ ಇಳಿಬಿದ್ದಿತ್ತು, ಎಳೆಮಗುವಿನ ಸೊಂಟಕ್ಕೆ ಕಟ್ಟುವಂಥದ್ದು, ತುದಿಗೆ ಸಾಸಿವೆಯಷ್ಟು ಗೆಜ್ಜೆ. ತಗಡಿನಲ್ಲಿ ಒಂದು ಕಡೆ ಅಗಲವಾದ ಕಂಡಿ ಇತ್ತು, ಅದರೊಳಗೆ ಬೋರ್ಡಿನ ಬೆನ್ನಿನ ಬೆಸುಗೆಯ ಮೊನೆಗಳು ಬತ್ತಲಾಗಿ ಕಾಣುತ್ತಿದ್ದವು. ಗೆಜ್ಜೆ ಫ್ಯಾನಿನ ನಡುಕಕ್ಕೆ ತಗಡಿಗೆ ಬಡಿದು ಸದ್ದು ಮಾಡುತ್ತಿತ್ತು. ಆ ಮೊನೆಗಳಿಗೂ ಬೆಳ್ಳಿಗೂ ನಡುವೆ ನನ್ನ ಉಗುರಿನಷ್ಟು ಜಾಗವೂ ಇರಲಿಲ್ಲ.

ನಮ್ಮಲ್ಲಿ ಹುಟ್ಟದ ಮಗುವಿಗೆಂದು ಒಂದು ನೂಲನ್ನೂ ಕೊಳ್ಳುವುದಿಲ್ಲ. ಬಟ್ಟೆ ಹೊಲಿಸುವುದಿಲ್ಲ, ತೊಟ್ಟಿಲು ಕೆಳಗಿಳಿಸುವುದಿಲ್ಲ. ಹುಟ್ಟಿದ ಮೇಲೂ ಮೊದಲು ಸುತ್ತುವುದು ಹಳೆಯ ಸೀರೆಯ ತುಂಡನ್ನೇ. ಹೆರಿಗೆಯ ಥಿಯೇಟರಿನಲ್ಲಿ ಹಗಲುರಾತ್ರಿ ನಿಂತ ನಾನು ಇಂಥದ್ದಕ್ಕೆ ತಲೆ ಕೆಡಿಸಿಕೊಳ್ಳುವವಳಲ್ಲ ಎಂದೇ ತಿಳಿದಿದ್ದೆ. ಆದರೆ ಆ ನೇವಳ ನೋಡಿದ ಕೂಡಲೇ ನನ್ನ ಕೈ ಹಿಂದಕ್ಕೆ ಬಂತು. ಮಗಳ ಎದುರಿನಲ್ಲಿ, ಅದೂ ಆ ಹೊಟ್ಟೆಯ ಎದುರಿನಲ್ಲಿ ಇದು ತೂಗುತ್ತಿದೆಯಲ್ಲ ಎಂದುಕೊಂಡೆ.

“ನಿನಗೆ ಬುದ್ಧಿ ಉಂಟಾ?” ಎಂದೆ.

“ಹುಟ್ಟುವಾಗ ನಾನು ಇಲ್ಲಿ ಇರುವುದಿಲ್ಲ ಅಕ್ಕ,” ಎಂದ. ಮಗಳನ್ನು ತೋರಿಸಿ, “ಇವಳು ಹುಟ್ಟುವಾಗಲೂ ಇರಲಿಲ್ಲ. ಸೋದರಮಾವ ಕಟ್ಟಬೇಕಾದ್ದನ್ನು ಬೇರೆ ಯಾರೋ ಕಟ್ಟಿದರು,” ಎಂದ.

ನನ್ನ ಕಣ್ಣಿಗೆ ಬೀಳದಿರಲೆಂದು ಅಲ್ಲಿ ಅಂಟಿಸಿ, ಬೆಳಗ್ಗೆ ಎಲ್ಲರಿಗಿಂತ ಮೊದಲು ಎದ್ದು ಅದನ್ನು ತೆಗೆದು ಕಾರ್ಕಳಕ್ಕೆ ಕೊಂಡುಹೋಗಿ ಹೆಂಡತಿಯ ಹತ್ತಿರ ಇಡುವುದೆಂದು ಅವನ ಲೆಕ್ಕವಾಗಿತ್ತಂತೆ. ನನ್ನ ಮನೆಯಲ್ಲಿ ನನಗಿಂತ ಮೊದಲು ಏಳಲು ಅವನಿಗೆ ಸಾಧ್ಯವಾಗಲಿಲ್ಲ. ಆಮೇಲೆ ನಾನು ಆ ಪೆಟ್ಟಿಗೆಯನ್ನು ಒಂದು ಗಳಿಗೆಯೂ ಬಿಟ್ಟು ಕದಲಲಿಲ್ಲ. ಬೆನ್ನಿಗೆ ಅಂಟಿಸಿದ್ದಕ್ಕೆ ಏನಾಗುತ್ತದೆ ಎಂದು ಅವನೂ ಸುಮ್ಮನಾದ.

ನಾನು ಮಗಳ ಮುಖ ನೋಡಲು ಹೆದರಿದೆ. ಅವಳು ಎದ್ದು ಬಂದು, ಬಗ್ಗಿ, ಟಾರ್ಚು ಹಾಕಿ ಬೋರ್ಡಿನ ಬೆನ್ನನ್ನು ಬಹಳ ಹೊತ್ತು ಪರೀಕ್ಷಿಸಿದಳು. ನೇವಳದ ಕಡೆ ಕಣ್ಣೆತ್ತಲೂ ಇಲ್ಲ.

“ಸುಡಲಿಲ್ಲ,” ಎಂದಳು. “ಮಾವ, ಮಗುವಿಗೆ ಇದರಿಂದ ಎಂತ ಆಗ್ತದೋ ನನಗೆ ಗೊತ್ತಿಲ್ಲ. ತಾಗಿದ್ದರೆ ಮಗುವಿನ ಅಮ್ಮನ ಕೆಲಸ ಹೋಗ್ತಿತ್ತು. ಇದನ್ನು ತೆಗೆಯಿರಿ. ಅಮ್ಮ, ಎರಡೂ ಬಾಗಿಲು ತೆಗೆದೇ ಇಡು. ಟೇಬಲ್ ಫ್ಯಾನು ಎಲ್ಲಿ?”

ಮತ್ತೆ ಮೊದಲಿನಿಂದ ಶುರುವಾಯಿತು. ಕಾರ್ಡನ್ನು ಅದರ ಪೂರ್ತಿ ವೇಗಕ್ಕೆ ಬಿಡುತ್ತೇನೆ, ಇಷ್ಟು ಅಗಲದ ಕ್ಯಾಬಿನೆಟ್ಟು ಆದ್ದರಿಂದ ಬಿಸಿ ತಡೆದೀತು, ಸಣ್ಣದರಲ್ಲಿ ಆಗುತ್ತಿರಲಿಲ್ಲ ಎಂದಳು. ಆಮೇಲೆ ಕಚೇರಿಗೆ ಫೋನು ಮಾಡಿ, ತಡವಾಗುತ್ತದೆ, ಅರ್ಧ ಗಂಟೆ ಕೊಡಿ ಎಂದು ನೇರವಾಗಿ ಕೇಳಿದಳು. ಬಂದವರಿಗೆ ಚಾ ಕೊಟ್ಟು ಕೂರಿಸುತ್ತೇವೆ, ಚಾ ಮುಗಿಯುವುದರೊಳಗೆ ಕಳಿಸಿ ಎಂದರಂತೆ.

ಆ ಸಂಜೆಯ ಚಾ ನಮ್ಮ ಮನೆಯಲ್ಲಿ ಯಾರಿಗೂ ಸಿಗಲಿಲ್ಲ. ಮೂವರೂ ಪರದೆಯ ಎದುರು ಕೂತೆವು. ತಮ್ಮ ಟೇಬಲ್ ಫ್ಯಾನನ್ನು ಕಾವಲು ಕಾಯುವವನ ಹಾಗೆ ಹಿಡಿದು ಕೂತಿದ್ದ. ಹೆಂಚು ಬಂತು, ಕಂಬ ಬಂತು, ನೆರಳು ಬಂತು. ಕೊನೆಗೆ ಅಂಗಳದ ತುಳಸಿಕಟ್ಟೆಯೂ ಬಂತು. ಐದೂವರೆ ದಾಟುವ ಮೊದಲು ಚಿತ್ರ ಹೋಯಿತು. ಉತ್ತರಕ್ಕಾಗಿ ಕಾಯುತ್ತಾ ಮಗಳು ಪಿಸ್ತಾದ ಸಿಪ್ಪೆ ಬಿಡಿಸುತ್ತಿದ್ದಳು, ತಿನ್ನುತ್ತಿರಲಿಲ್ಲ. ಆರು ದಾಟಿದ ಮೇಲೆ ಮೊಬೈಲಿನಲ್ಲಿ ಒಂದು ಸಾಲು ಬಂತು. ಚಿತ್ರ ಒಪ್ಪಿಗೆಯಾಗಿದೆ, ಸೋಮವಾರ ಅಡುಗೆಕೋಣೆಯದ್ದು ಶುರುಮಾಡಿ ಎಂದು. ಅವಳು ಅದನ್ನು ಗಟ್ಟಿಯಾಗಿ ಓದಿ, ಬಿಡಿಸಿಟ್ಟ ಪಿಸ್ತಾವನ್ನೆಲ್ಲ ಒಂದೇ ಸಲ ಬಾಯಿಗೆ ಹಾಕಿಕೊಂಡಳು.

ಕಾರ್ಕಳದ ಬಸ್ಸಿಗೆ ಪಡುಬಿದ್ರಿಗೆ ಹೋಗಬೇಕೆಂದು ತಮ್ಮ ಹೊರಟು ನಿಂತ. ನೇವಳವನ್ನು ನಾನೇ ಅದೇ ಕರ್ಚೀಫಿನಲ್ಲಿ ಗಂಟು ಹಾಕಿ ಅವನ ಕಿಸೆಗೆ ತುರುಕಿದೆ.

“ಇದು ಕಾರ್ಕಳದಲ್ಲಿ ಇರಲಿ,” ಎಂದೆ. “ನಾನು ನೋಡಲಿಲ್ಲ, ಲೆಕ್ಕಕ್ಕೂ ಹಿಡಿಯಲಿಲ್ಲ. ಹುಟ್ಟಿದ ಮೇಲೆ ನಿನ್ನ ಹೆಂಡತಿ ತರಲಿ. ನೀನು ಫೋನಿನಲ್ಲಿ ನೋಡುತ್ತಿರುವಾಗ ಕಟ್ಟುವ.”

ಅವನು ತಲೆಯಾಡಿಸಿದ. ಗೇಟಿನವರೆಗೆ ಹೋದವನು ತಿರುಗಿ, ಅಕ್ಕ, ಮುಂದಿನ ಸಲ ಅಳೆದೇ ತರುತ್ತೇನೆ ಎಂದ. ಮುಂದಿನ ಸಲ ಎಣಿಸಿ ತಾ ಎಂದೆ.

ದೀಪ ಹಚ್ಚಿದ ಮೇಲೆ ಉಳಿದ ಕೆಲಸಕ್ಕೆ ಕೈಹಾಕಿದೆ. ಕ್ಯಾಬಿನೆಟ್ಟು ಕಿಟಕಿಯ ಚಪ್ಪಡಿಯ ಅಡಿಗೆ ಹೋಗುವ ಮಾತೇ ಇರಲಿಲ್ಲ. ಮಗಳ ಮೇಜಿನ ಪಕ್ಕದಲ್ಲಿ ಎರಡು ಮಣೆ ಜೋಡಿಸಿ ಅದರ ಮೇಲೆ ನಿಲ್ಲಿಸಿದೆವು. ಅದು ಸರಿಯಾಗಿ ನನ್ನ ಕೋಣೆಯಿಂದ ಅಡುಗೆಮನೆಗೆ ಹೋಗುವ ದಾರಿಯಲ್ಲಿ ನಿಂತಿತು. ಇನ್ನು ಬೆಳಗ್ಗೆ ನಾನು ಸುತ್ತಿ ಹೋಗಬೇಕು. ಹದಿನಾಲ್ಕು ಇಂಚಿನ ಜಾಗದಲ್ಲಿ ಹಾಲಿನ ಪುಡಿ, ಖರ್ಜೂರ, ಸಾಬೂನು ಸಾಲಾಗಿ ಕೂತವು. ಗುಡಿಸಲು ಬಿಟ್ಟ ಬೆರಳಗಲವೂ ಉಳಿಯಿತು.

ಆಮೇಲೆ ಹಿಂದಿನ ಬಾಗಿಲನ್ನು ಇನ್ನೊಮ್ಮೆ ತೆಗೆದು, ಸಂದಿನ ಉದ್ದಕ್ಕೂ ಕೈ ಆಡಿಸಿ, ಖಾಲಿ ಎಂದು ಖಾತ್ರಿ ಮಾಡಿಕೊಂಡು ಮುಚ್ಚಿದೆ. ಉಳಿದ ಸ್ಕ್ರೂಗಳನ್ನು ಎಣಿಸಿ ಡಬ್ಬಿಗೆ ಹಾಕಿದೆ. ಬಟ್ಟಲು ತೊಳೆದು ಕವುಚಿಟ್ಟೆ.